ಓಟಕ್ಕೆ ಮುಂಚಿನ ಬಿಡುವು

ಹೊಲಿಗೆ ಅಂಗಡಿಯಿಂದ
ಸೋಮವಾರ, ಮಧ್ಯಾಹ್ನ

ನನ್ನ ಮುದ್ದು ಬಿರುಗಾಳಿಗೆ,

ಇನ್ನೂ ಹಾಗೇ ಕರೆಯಬಹುದು ತಾನೇ? ಫೋನ್ ಮಾಡಿದರೆ ನಿನಗೆ ಸಂಕೋಚ, ನೀನು ಎತ್ತದಿದ್ದರೆ ನನಗೆ ಸಂಕಟ. ಅದಕ್ಕೇ ಈ ಪತ್ರ. ಹೆದರಬೇಡ, ನೀನೂ ನನ್ನ ಮಗನೂ ಬೇರೆಯಾದ ವಿಷಯ ಎತ್ತುವುದಿಲ್ಲ. ಓಟದ ಬಗ್ಗೆ ಒಂದು ಸಂದೇಹ ಕೇಳಬೇಕಿದೆ, ಅಷ್ಟೆ.

ಬರುವ ಭಾನುವಾರ ನಮ್ಮ ಐದು ಕಿಲೋಮೀಟರ್ ಓಟ. ಇಬ್ಬರೂ ಒಟ್ಟಿಗೆ ಹೆಸರು ಕೊಟ್ಟಿದ್ದೆವಲ್ಲ? ಸಕ್ಕರೆ ಕಾಯಿಲೆಗೆ ಡಾಕ್ಟರು ನಡೆಯಿರಿ ಅಂದಿದ್ದರು, ನೀನು ಓಡಿಸಿಯೇಬಿಟ್ಟೆ. ಮೊದಲ ದಿನ ದೀಪದ ಕಂಬದವರೆಗೆ ಓಡಿ, ಆ ಕಂಬವನ್ನೇ ತಬ್ಬಿಕೊಂಡು ನಿಂತವಳು ನಾನು. ನೀನು ಹೋದ ಮೇಲೂ ಬಿಟ್ಟಿಲ್ಲ. ಈಗ ಐದು ಕಿಲೋಮೀಟರನ್ನೂ ನಿಲ್ಲದೆ ಮುಗಿಸುತ್ತೇನೆ ಕಣೇ, ನಿನ್ನಾಣೆ.

ಕೊನೆಯ ಹತ್ತು ದಿನ ಓಟವನ್ನು ಅರ್ಧಕ್ಕೆ ಇಳಿಸಬೇಕು ಅಂತ ನೀನು ಅಂದಿದ್ದೆ. ಪರೀಕ್ಷೆ ಹತ್ತಿರ ಬಂದಾಗ ಯಾರಾದರೂ ಪುಸ್ತಕ ಮುಚ್ಚುತ್ತಾರಾ ಅಂತ ನಾನು ಜಗಳಕ್ಕೇ ಬಂದಿದ್ದೆ. ಅದಕ್ಕೆ ನೀನು, ಬಟ್ಟೆ ಕೊಡೋ ಹಿಂದಿನ ದಿನ ನೀವು ಕತ್ತರಿ ಹಿಡೀತೀರಾ ಅತ್ತೆ, ಇಸ್ತ್ರಿ ಹಾಕಿ ಗುಂಡಿ ನೋಡ್ತೀರಿ ಅಷ್ಟೆ, ಇದೂ ಹಾಗೇ ಅಂದೆ. ನನ್ನ ಕತ್ತರಿಯಿಂದಲೇ ನನ್ನ ಬಾಯಿ ಮುಚ್ಚಿಸಿದೆ.

ಹೇಳಿದ ಹಾಗೇ ಮಾಡುತ್ತಿದ್ದೇನೆ. ದೂರ ಕಡಿಮೆ, ಆದರೆ ಕಾಲಿಗೆ ಮರೆವು ಬರಬಾರದೆಂದು ನಡುನಡುವೆ ಒಂದೊಂದು ನಿಮಿಷ ಜೋರಾಗಿ ಓಡುತ್ತೇನೆ. ಹೊಸ ಬೂಟು ಮುಟ್ಟಿಲ್ಲ, ಹಳೆಯದೇ. ಕೆಟ್ಟದ್ದು ವಿಶ್ರಾಂತಿಯಿಂದ. ಮೊನ್ನೆ ವಿಶ್ರಾಂತಿಯ ದಿನ ಮನೆಯ ಪರದೆಗಳನ್ನೆಲ್ಲ ಕಿತ್ತು ಒಗೆದೆ, ಅಟ್ಟ ಹತ್ತಿ ಪಾತ್ರೆ ಇಳಿಸಿದೆ. ಸಂಜೆಗೆ ಸೊಂಟ ಹಿಡಿದುಕೊಂಡಿತು. ಇವಳಿಗೆ ವಿಶ್ರಾಂತಿಗಿಂತ ಓಟವೇ ವಾಸಿ ಅಂದರು ನಿನ್ನ ಮಾವ. ಪರದೆ ಒಗೆಯಬೇಡಿ ಅಂತ ನೀನು ಹೇಳಿರಲಿಲ್ಲ, ತಪ್ಪು ನಿನ್ನದೇ.

ನಿಜ ಹೇಳಲಾ? ಬಿಡುವಾದರೆ ನೀನು ನೆನಪಾಗುತ್ತೀಯ. ಓಡುವಾಗ ಏದುಸಿರು, ಬೇರೇನೂ ಹೊಳೆಯುವುದಿಲ್ಲ. ಸುಮ್ಮನೆ ಕೂತೆನೋ, ಬೆಳಬೆಳಗ್ಗೆ ಬಾಗಿಲ ಬಳಿ ಕುಕ್ಕರಗಾಲಲ್ಲಿ ಕೂತು ನನ್ನ ಬೂಟಿನ ದಾರಕ್ಕೆ ಎರಡೆರಡು ಗಂಟು ಹಾಕುತ್ತಿದ್ದವಳು ಕಣ್ಣೆದುರು ಬರುತ್ತಾಳೆ. ನೀನು ಮಗನ ಕೈ ಹಿಡಿದು ಬಂದ ಸೊಸೆ, ಸರಿ. ಅವನ ಕೈ ಬಿಟ್ಟೆ ಅಂತ ನನ್ನದನ್ನೂ ಬಿಡಬೇಕೆ? ಮನಸ್ಸು ಮುರಿದದ್ದು ನಿಮ್ಮಿಬ್ಬರದು, ನಮ್ಮಿಬ್ಬರದಲ್ಲ. ಅಯ್ಯೋ, ಎತ್ತುವುದಿಲ್ಲ ಅಂದ ವಿಷಯವನ್ನೇ ಎತ್ತಿಬಿಟ್ಟೆ ನೋಡು!

ಸಂದೇಹ ಇಷ್ಟೇ. ಶುರುವಿನಲ್ಲಿ ನಾನು ಹುಚ್ಚು ಕುದುರೆಯ ಹಾಗೆ ನುಗ್ಗಿ, ಅರ್ಧ ದಾರಿಗೆ ಸುಸ್ತಾಗುತ್ತೇನೆ. ಆಗೆಲ್ಲ ನೀನು ನನ್ನ ಅಂಗಿಯ ತುದಿ ಹಿಡಿದು, ನಿಧಾನ ಅತ್ತೆ, ನಿಧಾನ ಅನ್ನುತ್ತಿದ್ದೆ. ಭಾನುವಾರ ಯಾರು ಹಿಡಿಯುತ್ತಾರೆ? ಮನೆಗೆ ಬಾ ಅನ್ನುತ್ತಿಲ್ಲ. ಅವನ ಪರವಾಗಿಯೂ ಬರೆಯುತ್ತಿಲ್ಲ. ಓಟ ಶುರುವಾಗುವ ಗೆರೆಯ ಹತ್ತಿರ ಬಂದು ನಿಂತರೆ ಸಾಕು.

ನಿನ್ನ ಅತ್ತೆ
(ಇದಕ್ಕೆ ಈಗ ಬೇರೆ ಹೆಸರಿದ್ದರೆ ನೀನೇ ತಿಳಿಸು)

ತಾ.ಕ.: ಓಟದ ದಿನ ಎದೆಗೆ ಸಿಕ್ಕಿಸಿಕೊಳ್ಳುವ ನಂಬರ್ ಚೀಟಿ, ನಿನ್ನದೂ ನನ್ನದೂ, ತರಲು ಮಗನೇ ಸ್ಕೂಟರಿನಲ್ಲಿ ಕರೆದುಕೊಂಡು ಹೋಗಿದ್ದ. ಓಡುವಾಗ ಹೆಚ್ಚುಕಮ್ಮಿಯಾದರೆ ಯಾರಿಗೆ ಫೋನ್ ಮಾಡೋದು ಅಂತ ಅಲ್ಲಿ ಕೂತಿದ್ದವಳು ಕೇಳಿದಳು. ಪಕ್ಕದಲ್ಲಿದ್ದ ಮಗ ಬಾಯಿ ತೆರೆಯುವ ಮೊದಲೇ ನಿನ್ನ ನಂಬರ್ ಹೇಳಿಬಿಟ್ಟೆ. ಅವರು ನಿಮಗೇನಾಗಬೇಕು ಅಂದಳು. ಸೊಸೆ ಅನ್ನಲು ಹೋಗಿ, ನನ್ನ ಜೊತೆ ಓಡುವವಳು ಅಂದೆ. ಹಾಗಾದ್ರೆ ಫೋನ್ ಯಾಕೆ, ಪಕ್ಕದಲ್ಲೇ ಇರ್ತಾರಲ್ಲ ಅಂತ ನಕ್ಕಳು. ಹೌದು, ಇರ್ತಾಳೆ ಅಂದುಬಿಟ್ಟೆ. ಈಗ ನೀನು ಬರದಿದ್ದರೆ ನಾನು ಸುಳ್ಳುಗಾತಿ ಆಗುತ್ತೇನೆ ಕಣೇ.