ದನಕ್ಕೆ ಇಳಿಜಾರು ಮಂಜೂರು, ತಾಯಿಗೆ ನಾಮಂಜೂರು

ದಾಂಡೇಲಿ, ಮೇ ೧೯೬೩

ಕಟ್ಟಡ ಪರವಾನಗಿಯ ಮೊಹರನ್ನು ಕೈಯಲ್ಲಿ ಹಿಡಿದು ಕುಳಿತ ಮಾನ್ಯ ಅಧಿಕಾರಿಗಳೇ,

ನನ್ನ ತಾಯಿ ಮತ್ತು ದೊಡ್ಡವ್ವನಿಗಾಗಿ ನಮ್ಮ ಹಿತ್ತಲಿನಲ್ಲಿ ಕಟ್ಟಿಸಿದ ಒಂದು ಕೋಣೆಯ ಮನೆಯನ್ನು ಹದಿನೈದು ದಿವಸದೊಳಗೆ ಕೆಡವಬೇಕೆಂದು ತಾವು ನೋಟೀಸು ಕಳಿಸಿದ್ದೀರಿ. ಅಪರಾಧಗಳು ಮೂರು. ಆ ಮನೆಗೆ ಮೆಟ್ಟಿಲಿಲ್ಲ, ಇಳಿಜಾರು ಇದೆ. ಹೊಸ್ತಿಲಿಗೆ ಎತ್ತರವಿಲ್ಲ. ಬಾಗಿಲು ನಾಲ್ಕಡಿ ಅಗಲವಿದೆ. ಆದ್ದರಿಂದ ಅದು ‘ಮನುಷ್ಯವಾಸಕ್ಕೆ ಯೋಗ್ಯ ರಚನೆಯಲ್ಲ’. ಅದೇ ನೋಟೀಸಿನ ಕೊನೆಯಲ್ಲಿ ತಮ್ಮ ಕರುಣೆಯ ಕೋಡಿಯೂ ಹರಿದಿದೆ: ‘ಸದರಿ ಕಟ್ಟಡವನ್ನು ದನದ ಕೊಟ್ಟಿಗೆ ಎಂದು ನಮೂದಿಸಿ ಹೊಸ ಅರ್ಜಿ ಕೊಟ್ಟಲ್ಲಿ ಮಂಜೂರಾತಿಗೆ ಅಡ್ಡಿಯಿಲ್ಲ.’

ಅಬ್ಬಬ್ಬಾ! ಅದೇ ಗೋಡೆ, ಅದೇ ಹೆಂಚು, ಅದೇ ಬಾಗಿಲು. ಒಳಗೆ ಎಮ್ಮೆ ಕಟ್ಟಿದರೆ ಕಾಯಿದೆಬದ್ಧ, ಹೆತ್ತವ್ವ ಮಲಗಿದರೆ ಕಾಯಿದೆಬಾಹಿರ! ಎಮ್ಮೆಗೆ ಕಾಲು ನೋಯುತ್ತದೆ ಎಂದು ತಿಳಿದ ತಮ್ಮ ಕಾಯಿದೆಗೆ ಮುದುಕಿಗೂ ಕಾಲಿದೆ ಎಂಬುದನ್ನು ಯಾರು ತಿಳಿಸಿ ಹೇಳಬೇಕು? ನಾನೇ ಹೇಳುತ್ತೇನೆ. ತೇರಗಾಂವದ ಕಣದ ಮೇಲೆ ಹಲಗೆ ಹಾಸಿ, ಕಂದೀಲು ತೂಗಿ ಹಾಕಿ ಆಡುತ್ತಿದ್ದ ನಾಟಕಗಳಲ್ಲಿ ನಾನು ಹನ್ನೆರಡು ವರ್ಷ ರಾಜನ ಪಾರ್ಟು ಮಾಡಿದವನು. ಕಟ್ಟಕಡೆಗೆ ಕೂತು ತೂಕಡಿಸುವವನಿಗೂ ಕೇಳುವಂತೆ ಮಾತಾಡಿ ರೂಢಿಯಾಗಿದೆ. ಧ್ವನಿ ದೊಡ್ಡದಾಯಿತೆಂದು ತಪ್ಪು ತಿಳಿಯಬಾರದು. ಮೂರನೆಯ ಗಂಟೆ ಹೊಡೆದಿದೆ, ಪರದೆ ಏಳುತ್ತಿದೆ, ದಯವಿಟ್ಟು ಕುರ್ಚಿಯಲ್ಲಿ ನೆಟ್ಟಗೆ ಕುಳಿತುಕೊಳ್ಳಿ.

ನಮ್ಮವ್ವ ಸತ್ತೆವ್ವ. ಎರಡು ವರ್ಷದ ಕೆಳಗೆ ಕೈಯಲ್ಲಿ ಅಂಬಲಿಯ ಗಡಿಗೆ ಹಿಡಿದು ನಮ್ಮ ಅಡಿಗೆಮನೆಯ ಹೊಸ್ತಿಲು ಎಡವಿ ಬಿದ್ದಳು. ಮುರಿದ ಸೊಂಟದ ಎಲುಬು ಕೂಡಿತು, ಆದರೆ ಸೊಟ್ಟಗೆ ಕೂಡಿತು. ಕೋಲೂರಿ ನೆಲದ ಮೇಲೆ ಕಾಲು ಎಳೆದುಕೊಂಡು ನಡೆಯುತ್ತಾಳೆ. ಪಾದವನ್ನು ನಾಲ್ಕು ಬೆರಳು ಎತ್ತು ಎಂದರೆ ಆಗದು. ನಮ್ಮ ಮನೆಯೋ, ದಾಂಡೇಲಿಯ ಮಳೆಗೂ ಹಾವಿಗೂ ಹೆದರಿ ಎತ್ತರದ ಕಟ್ಟೆಯ ಮೇಲೆ ಕಟ್ಟಿದ್ದು. ಹಿತ್ತಲಿಗೆ ಇಳಿಯಲು ಐದು ಮೆಟ್ಟಿಲು, ದಾರಿಯಲ್ಲಿ ಮೂರು ಹೊಸ್ತಿಲು, ಪಾಯಖಾನೆ ಹಿತ್ತಲಿನ ಆ ತುದಿಗೆ. ನಾನು ನಾಟಾ ಡಿಪೋದಲ್ಲಿ ಲಾರಿಗೆ ದಿಮ್ಮಿ ಹೇರುವವರ ಮುಕಾದಮ. ದಿನವೂ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಅವ್ವನನ್ನು ಬೆನ್ನ ಮೇಲೆ ಹೊತ್ತು ಇಳಿಸುತ್ತಿದ್ದೆ, ಹೊತ್ತು ಹತ್ತಿಸುತ್ತಿದ್ದೆ. ಸಂಜೆ ಬಂದು ಮತ್ತೊಮ್ಮೆ. ನಡುವೆ ಬೇಕಾದರೆ ನನ್ನ ಹೆಂಡತಿ ಮಾಲವ್ವ, ಪಕ್ಕದ ಮನೆಯ ಗಿರಿಜಾಬಾಯಿ ಇಬ್ಬರೂ ಕೂಡಿ ಎತ್ತಬೇಕಿತ್ತು.

ಮಗ ತಾಯಿಯನ್ನು ಹೊರುವುದು ನಾಟಕದಲ್ಲಿ ಬಹಳ ಚೆಂದ. ಚಪ್ಪಾಳೆ ಬೀಳುತ್ತದೆ. ನಮ್ಮ ಮನೆಯಲ್ಲಿ ಮಾತ್ರ ಹೊರಿಸಿಕೊಂಡವಳು ನಾಚಿಕೆಯಿಂದ ಮುಖಕ್ಕೆ ಸೆರಗು ಹಾಕಿಕೊಳ್ಳುತ್ತಿದ್ದಳು. ಒಂದು ದಿನ ಮಾಲವ್ವ ನನ್ನನ್ನು ಒತ್ತಟ್ಟಿಗೆ ಕರೆದು ಹೇಳಿದಳು: “ಅತ್ತಿ ಮಧ್ಯಾಹ್ನದ ಮ್ಯಾಲೆ ನೀರು ಕುಡಿಯಂಗಿಲ್ರಿ. ಸಂಜಿಗೆ ಅರ್ಧ ರೊಟ್ಟಿ ಮುರಕೊಂಡು ಏಳ್ತಾರ. ಯಾಕ ಅಂದ್ರ, ‘ಹಸಿವಿಲ್ಲ’ ಅಂತಾರ. ಹಸಿವು ಇರೂದು ಗೊತ್ತೈತ್ರಿ ನನಗ. ಹೊರಗ ಹೋಗೂ ಪಾಳಿ ಬರಬಾರದಂತ ಹಂಗ ಮಾಡ್ತಾರ.”

ಮಾನ್ಯರೇ, ಇದನ್ನು ಕೇಳಿದವನೇ ನಾನು ಹಿತ್ತಲಿಗೆ ಇಳಿದು ಹೆಜ್ಜೆಯಿಂದ ಜಾಗ ಅಳೆಯತೊಡಗಿದೆ.

ಹಿತ್ತಲಿನಲ್ಲಿ ಪಾಯಖಾನೆಗೆ ಹತ್ತಿರವಾಗಿ ಒಂದು ಕೋಣೆ, ಅವ್ವ ಯಾರ ಕೈಯನ್ನೂ ಹಿಡಿಯದೆ ಹೋಗಿ ಬರುವಂಥದ್ದು. ಇಷ್ಟೇ ನಮ್ಮ ಯೋಜನೆ. ಜೊತೆಗೆ ಅವ್ವನ ಅಕ್ಕ ಶಂಕ್ರವ್ವ, ಅಂದರೆ ನಮ್ಮ ದೊಡ್ಡವ್ವ. ಆಕೆಗೆ ಎರಡೂ ಕಣ್ಣಿಗೆ ಪೊರೆ ಬಂದು ಏನೂ ಕಾಣುವುದಿಲ್ಲ. ಒಬ್ಬಳಿಗೆ ಕಾಲಿಲ್ಲ, ಒಬ್ಬಳಿಗೆ ಕಣ್ಣಿಲ್ಲ, ಇಬ್ಬರಿಗೂ ಬಾಯಿ ಮಾತ್ರ ಭರ್ತಿ ಇದೆ.

ಮಳೆನೀರು ನುಗ್ಗದಂತೆ ಒಂದೂವರೆ ಅಡಿ ಬುನಾದಿ ಎತ್ತರಿಸಲೇಬೇಕಾಯಿತು. ಹತ್ತಲು ಇಳಿಜಾರು ಮಾಡೋಣ ಎಂದೆ. ಇಪ್ಪತ್ತು ವರ್ಷ ಲಾರಿಗೆ ಓರೆಯಾಗಿ ಕಂಬ ಕೊಟ್ಟು ದಿಮ್ಮಿ ಉರುಳಿಸಿ ಏರಿಸಿದ ನನಗಿಂತ ಇಳಿಜಾರು ಬಲ್ಲವನು ಯಾರು? ಡಿಪೋದ ಲೆಕ್ಕದಲ್ಲೇ ಒಂದೂವರೆ ಅಡಿ ಎತ್ತರಕ್ಕೆ ಮೂರಡಿ ಉದ್ದ ಹಿಡಿದು ಕಲ್ಲುಮಣ್ಣು ತುಂಬಿ, ಬಡಿದು ಗಟ್ಟಿ ಮಾಡಿ, ಅವ್ವನನ್ನು ಮೆರವಣಿಗೆಯಲ್ಲಿ ಕರೆತಂದೆ. ಅವ್ವ ಕೋಲೂರಿದಳು, ಒಂದು ಹೆಜ್ಜೆ ಎಳೆದಳು, ಹಿಂದಕ್ಕೆ ಜಾರಿದಳು, ನನ್ನ ಅಂಗಿಯ ಕೊರಳಪಟ್ಟಿ ಹಿಡಿದು ನಿಂತಳು.

“ಏನಲೇ ಲಗಮ್ಯಾ, ನನ್ನೇನ್ ಲಾರಿಗೆ ಹೇರಾಂವೇನು?”

ಅಕ್ಕತಂಗಿ ಜೋಡಿಯಾಗಿ ದಾಟಲೆಂದು ನಾಲ್ಕಡಿ ಅಗಲದ ಬಾಗಿಲ ಚೌಕಟ್ಟು ಕೂರಿಸುತ್ತಿದ್ದ ಬಡಗಿ ಸುಭಾನಿ ಮಿಸ್ತ್ರಿ ಉಳಿ ಕೆಳಗಿಟ್ಟು ನಕ್ಕ. “ಅರೇ ಲಗಮಣ್ಣಾ, ನಾಟಾಕ್ಕ ಹಿಂದಿಂದ ಹತ್ತು ಮಂದಿ ದೂಡತಾರ. ಅಮ್ಮಾಗ ಯಾರು ದೂಡಬೇಕು? ಒಂದಡಿ ಎತ್ತರಕ್ಕ ಹನ್ನೆರಡಡಿ ಉದ್ದ ಹಿಡಿ. ಅವರು ಏರಾಕತ್ತೇನಿ ಅಂತ ಅವರಿಗೇ ತಿಳೀಬಾರದು, ಹಂಗ ಇರಬೇಕು.”

“ಹದಿನೆಂಟು ಅಡಿ ಆಗತೈತಲ್ಲೋ! ಪೇರಲ ಗಿಡ ಅಡ್ಡ ಬರತೈತಿ.”

“ಗಿಡ ಅಲ್ಲೇ ಇರಲಿ, ದಾರಿ ಬಳಸಿ ಹೋಗಲಿ. ಅರ್ಧಕ್ಕ ದಣಿವಾದ್ರ ಗಿಡದ ನೆರಳಾಗ ಕುಂದರತಾರ.”

ಹೀಗೆ ಮುಕಾದಮನ ಇಳಿಜಾರು ಕಿತ್ತು ಮಿಸ್ತ್ರಿಯ ಇಳಿಜಾರು ಮಾಡಿದೆವು. ದೊಡ್ಡವ್ವನಿಗಾಗಿ ಹೊಸ ಕೋಣೆಯ ಗೋಡೆಯಿಂದ ನಮ್ಮ ಅಡಿಗೆಮನೆಯವರೆಗೂ ಪಾಯಖಾನೆಯವರೆಗೂ ಸೊಂಟದ ಎತ್ತರಕ್ಕೆ ಹಗ್ಗ ಬಿಗಿದೆವು. ಒಂದು ಗಂಟು ಸಿಕ್ಕರೆ ಪಾಯಖಾನೆ, ಎರಡು ಗಂಟು ಸಿಕ್ಕರೆ ನೀರಿನ ತೊಟ್ಟಿ, ಮೂರು ಸಿಕ್ಕರೆ ಅಡಿಗೆಮನೆ. ದೊಡ್ಡವ್ವ ಮೊದಲ ದಿನವೇ ಮೂರು ಗಂಟು ಹುಡುಕಿಕೊಂಡು ಬಂದು ಮಾಲವ್ವನ ಡಬ್ಬಿಯೊಳಗಿನ ಬೆಲ್ಲ ತಿಂದಳು. ಕಣ್ಣಿಲ್ಲದವಳ ಮೇಲೆ ಕಳವಿನ ಆರೋಪ ಹೊರಿಸುವಷ್ಟು ಸ್ವಾತಂತ್ರ್ಯ ನಮ್ಮ ಮನೆಗೆ ಬಂತು.

ಹೊಸ್ತಿಲಿನ ಮಾತಿಗೆ ಮಾತ್ರ ಯುದ್ಧವೇ ಆಯಿತು. ನಾನು ಹೊಸ್ತಿಲೇ ಬೇಡ ಎಂದೆ. ಅವ್ವ ಸಿಡಿದೆದ್ದಳು. “ಹೊಸ್ತಿಲಿಲ್ಲದ ಮನಿ ಯಾವ ಮನಿಲೇ? ಮಂಗಳವಾರ, ಶುಕ್ರವಾರ ಅರಿಷಿಣ-ಕುಂಕುಮ ಎಲ್ಲಿ ಹಚ್ಚಲಿ, ನಿನ್ನ ಹಣಿಗೆ ಹಚ್ಚಲೇನು?” ಆಕೆಯ ಸೊಂಟ ಮುರಿದದ್ದು ಹೊಸ್ತಿಲೇ, ಆಕೆ ಪೂಜಿಸುವುದೂ ಹೊಸ್ತಿಲೇ. ಎರಡು ದಿನ ಇಬ್ಬರೂ ಮಾತು ಬಿಟ್ಟೆವು. ಮೂರನೆಯ ದಿನ ಸುಭಾನಿ ಸಾಗವಾನಿಯ ತುಂಡೊಂದನ್ನು ಹೊತ್ತು ತಂದು, ನೆಲ ಅಗೆದು, ಅದರ ಮೇಲ್ಮೈ ನೆಲಕ್ಕೆ ಸರಿಸಮನಾಗಿ ನಿಲ್ಲುವಂತೆ ಹೂತುಬಿಟ್ಟ. “ಅಮ್ಮಾ, ಹೊಸ್ತಿಲೂ ಐತಿ, ಕಾಲಿಗೂ ತಾಕಂಗಿಲ್ಲ. ಪೂಜಾ ಮಾಡ್ರಿ.” ಅವ್ವ ಕುಳಿತು, ಅಂಗೈಯಿಂದ ಅದನ್ನು ಸವರಿ ನೋಡಿ, “ಈ ಸಾಬನ ತಲಿಯಾಗ ನಮ್ಮ ಲಗಮ್ಯಾಗಿಂತ ಹೆಚ್ಚು ದೇವ್ರು ಅದಾನ” ಎಂದಳು. ಪಂಡಿತರು ನೂರು ವರ್ಷ ಕೂತರೂ ಇಂಥ ತೀರ್ಪು ಬರೆಯಲಾರರು, ಮಾನ್ಯರೇ. ಆದರೆ ತಮ್ಮ ಕಚೇರಿಯ ಅಡಿಪಟ್ಟಿ ಬರೆಯಿತು: ‘ಹೊಸ್ತಿಲಿನ ಎತ್ತರ: ಶೂನ್ಯ.’

ಪರವಾನಗಿ ಇಲ್ಲದೆ ಕಟ್ಟಿದೆನೆಂದು ತಾವು ಗುಡುಗಿದ್ದೀರಿ. ಅರ್ಜಿ ಕೊಟ್ಟ ದಿನ ತಮ್ಮ ಓವರ್‌ಸಿಯರ್ ಸಾಹೇಬರು ಏನೆಂದರು ಗೊತ್ತೇ? “ಶುರು ಮಾಡ್ರಿ ಲಗಮಪ್ಪಾ, ಕಾಗದ ಹಿಂದಿಂದ ಬರತೈತಿ.” ಕಾಗದ ಹಿಂದಿನಿಂದ ಬಂದದ್ದೇನೋ ನಿಜ, ಹಾರೆ ಹಿಡಿದುಕೊಂಡು ಬಂತು.

ಅದಕ್ಕಿಂತ ಮುಂಚೆ ಅದೇ ಸಾಹೇಬರು ತನಿಖೆಗೆ ದಯಮಾಡಿಸಿದರು. ಆ ಪ್ರವೇಶವನ್ನು ತಾವು ನೋಡಬೇಕಿತ್ತು! ಕೈಯಲ್ಲಿ ಟೇಪು, ತಲೆಯ ಮೇಲೆ ಟೋಪಿ. ಹಗ್ಗ ಹಿಡಿದು ಜಗ್ಗಿ ನೋಡಿ, “ಆನಿ ಸಾಕೀರೇನ್ರಿ?” ಎಂದರು. ಇಳಿಜಾರು ಹತ್ತಿ, ಬಾಗಿಲಿಗೆ ಬಂದು, ಐವತ್ತು ವರ್ಷದ ರೂಢಿಯಂತೆ ಹೊಸ್ತಿಲು ದಾಟಲು ಬಲಗಾಲು ಎತ್ತಿದರು. ಹೊಸ್ತಿಲು ಎದ್ದು ನಿಂತಿದ್ದರೆ ತಾನೆ! ಎತ್ತಿದ ಕಾಲು ಎಲ್ಲಿ ಇಡಬೇಕೆಂದು ತಿಳಿಯದೆ ಮುಂದಕ್ಕೆ ಮುಗ್ಗರಿಸಿದರು. ಟೋಪಿ ದೊಡ್ಡವ್ವನ ಮಡಿಲಲ್ಲಿ ಹೋಗಿ ಬಿತ್ತು. ಆಕೆ ಅದನ್ನು ಸವರಿ, “ಇದ್ಯಾರ ಬುಟ್ಟಿಯವ್ವಾ?” ಎಂದಳು.

ಎರಡು ವರ್ಷದಲ್ಲಿ ಮೊದಲ ಸಲ ಅವ್ವ ಗಟ್ಟಿಯಾಗಿ ನಕ್ಕಳು. “ಸಾವಕಾಶ ಬರ್ರಿ ಸಾಹೇಬ್ರ. ಇಲ್ಲಿ ಎಡವಾಕ ಏನೂ ಇಲ್ರಿ.”

ಆ ನಗುವಿನ ಬೆಲೆ ಈ ನೋಟೀಸು ಎಂದು ನಮ್ಮ ಓಣಿಯವರು ಹೇಳುತ್ತಾರೆ. ನಾನು ನಂಬುವುದಿಲ್ಲ. ಸರಕಾರಿ ವರದಿಗಳು ಸಿಟ್ಟಿನಿಂದ ಹುಟ್ಟುತ್ತವೆಯೇ? ಛೇ, ಛೇ.

ನೋಟೀಸು ಹಿಡಿದು ತಮ್ಮ ಸನ್ನಿಧಿಗೂ ಬಂದೆನಲ್ಲ. ತಾವು ಬಹಳ ಮೃದುವಾಗಿಯೇ ಮಾತಾಡಿದಿರಿ. “ನಾಲ್ಕು ಮೆಟ್ಟಿಲು ಕಟ್ಟಿಸಿ, ಆರಿಂಚು ಹೊಸ್ತಿಲು ಎಬ್ಬಿಸಿ, ಬಾಗಿಲು ಕಿರಿದು ಮಾಡಿ. ನಾಳೆಯೇ ಸಹಿ ಮಾಡುತ್ತೇನೆ” ಎಂದಿರಿ.

“ಹಂಗ ಮಾಡಿದ್ರ ಅವ್ವ ಒಳಗ ಹೋಗೂದು ಹೆಂಗ್ರಿ?” ಎಂದು ಕೇಳಿದೆ.

“ಅದು ಕಟ್ಟಡಕ್ಕೆ ಸಂಬಂಧಿಸಿದ ವಿಷಯವಲ್ಲ” ಎಂದಿರಿ.

ಹನ್ನೆರಡು ವರ್ಷ ಸಿಂಹಾಸನದ ಮೇಲೆ ಕೂತು ಎಷ್ಟೋ ಸಂಭಾಷಣೆ ಒಪ್ಪಿಸಿದ್ದೇನೆ, ಇಂಥ ಮಾತು ಯಾವ ಕವಿಯೂ ನನಗೆ ಬರೆದುಕೊಟ್ಟಿರಲಿಲ್ಲ. ಮನೆಯೊಳಗೆ ಮನುಷ್ಯರು ಹೋಗುವುದು ಮನೆಗೆ ಸಂಬಂಧಿಸಿದ ವಿಷಯವಲ್ಲ! ಹಾಗಾದರೆ ಸಂಬಂಧಿಸಿದವರು ಯಾರು? ಗೆದ್ದಲೇ? ಗುಬ್ಬಿಯೇ? ನಮ್ಮೆಲ್ಲರ ಮನೆಯ ಮೆಟ್ಟಿಲಿನ ಕಾಯಿದೆಯನ್ನು ಇಪ್ಪತ್ತು ವರ್ಷದ ತರುಣರ ಮೊಣಕಾಲು ಅಳೆದು ಬರೆದ ಮಹಾನುಭಾವರಿಗೆ ತಾಯಿಯೇ ಇರಲಿಲ್ಲವೇ?

ಸೋಲು ಒಪ್ಪಿದೆ ಎಂದೂ ಹೇಳಿಬಿಡುತ್ತೇನೆ. ಮಳೆಗೆ ಮೂರು ವಾರ ಉಳಿದಿತ್ತು. ಮಳೆ ಹಿಡಿದರೆ ಹಿತ್ತಲಿನ ಮೆಟ್ಟಿಲು ಪಾಚಿಗಟ್ಟುತ್ತದೆ. ಅವ್ವನನ್ನು ಹೊತ್ತುಕೊಂಡು ನಾನು ಅಲ್ಲಿ ಜಾರಿದರೆ ಒಂದು ಸೊಂಟವಲ್ಲ, ಎರಡು ಮುರಿಯುತ್ತವೆ. ಕೊಟ್ಟಿಗೆ ಎಂದರೆ ಕೊಟ್ಟಿಗೆ, ಹಾಳಾಗಲಿ ಎಂದು ಹೊಸ ಅರ್ಜಿ ತಂದೆ. ಜಾಗ ಅವ್ವನ ಹೆಸರಿನಲ್ಲಿದೆ, ಹೆಬ್ಬೆಟ್ಟು ಆಕೆಯದೇ ಬೇಕು. ಕಳೆದ ಮಂಗಳವಾರ ಮುಂಜಾನೆ ಆ ಹೊಸ ಕೋಣೆಯಲ್ಲೇ ಕೂರಿಸಿ, ಕಾಗದ ಓದಿ ಹೇಳಿದೆ.

“ಬರಸೋ ತಮ್ಮಾ” ಎಂದಳು ಅವ್ವ. “ನನಗೇನ್ ಓದಾಕ ಬರತೈತೇನು? ಕೊಟಗಿ ಅನ್ನಲಿ, ಅರಮನಿ ಅನ್ನಲಿ. ಯಾರ ಬೆನ್ನ ಮ್ಯಾಲೂ ಹತ್ತದ ಹೊರಗ ಹೋಗಿ ಬಂದ್ರ ಸಾಕು ನನಗ.”

ಹೆಬ್ಬೆರಳಿಗೆ ಮಸಿ ಹಚ್ಚಿದೆ. ಮೂಲೆಯಲ್ಲಿ ಕೂತಿದ್ದ ದೊಡ್ಡವ್ವ ಬಾಯಿ ತೆಗೆದಳು.

“ಸತ್ತೀ, ನಾಳೆ ನಾವು ಕಣ್ಣು ಮುಚ್ಚಿದ್ರ ಮಂದಿ ಏನಂತಾರ? ಲಗಮಪ್ಪನ ಅವ್ವ ಎಲ್ಲಿ ಸತ್ಲು ಅಂದ್ರ, ‘ಕೊಟಗ್ಯಾಗ’ ಅಂತಾರ. ಕಾಗದಾನೂ ಹಂಗ ಹೇಳತೈತಿ. ಮಗಾ ಮನಿ ಕಟ್ಟಿ ಕೊಟ್ಟಾನ. ನಾವು ಅವನಿಗೆ, ಅವ್ವನ್ನ ದನದ ಗೂಟಕ್ಕ ಕಟ್ಟಿದಾಂವ ಅಂತ ಅನಸೋದಾ?”

ಅವ್ವ ಮಸಿಯ ಬೆರಳನ್ನು ಗಾಳಿಯಲ್ಲೇ ಹಿಡಿದುಕೊಂಡು ಅಕ್ಕನ ಕಡೆ ನೋಡಿದಳು, ಕಾಗದ ನೋಡಿದಳು, ನನ್ನನ್ನು ನೋಡಿದಳು. ಕೋಲೂರಿ ಎದ್ದಳು. ಕಾಲೆಳೆದುಕೊಂಡು ಬಾಗಿಲ ಬಳಿಗೆ ಹೋಗಿ, ಆಗಷ್ಟೇ ಸುಣ್ಣ ಬಳಿದ ಗೋಡೆಗೆ ಹೆಬ್ಬೆಟ್ಟು ಒತ್ತಿದಳು.

“ಇದು ನನ್ನ ಮನಿ. ಇಲ್ಲಿ ಹಾಕೇನಿ ನೋಡು ಸಹಿ. ಬೇಕಾದವರು ಬಂದು ಓದಕೊಂಡು ಹೋಗ್ಲಿ.”

ಅಂದಿನಿಂದ ಇಬ್ಬರೂ ಅಲ್ಲೇ ವಾಸವಾಗಿದ್ದಾರೆ, ಮಾನ್ಯರೇ. ನಿನ್ನೆ ನಾನು ಕೆಲಸದಿಂದ ಬಂದಾಗ ಅವ್ವ ಒಬ್ಬಳೇ ಇಳಿಜಾರು ಇಳಿಯುತ್ತಿದ್ದಳು. ಓಡಿ ಹೋಗಿ ಕೈ ಹಿಡಿಯಲು ನೋಡಿದೆ. “ದೂರ ಸರಿ, ನನಗ ಕೆಲಸ ಐತಿ” ಎಂದು ಬೈದಳು. ಆ ಬೈಗುಳಕ್ಕಾಗಿ ನಾನು ಈ ಪತ್ರ ಬರೆಯುತ್ತಿದ್ದೇನೆ.

ಆದ್ದರಿಂದ ನನ್ನ ಬೇಡಿಕೆ ಇದು. ಕೊಟ್ಟಿಗೆಯ ಅರ್ಜಿಯನ್ನು ಹರಿದು ಹಾಕಿದ್ದೇನೆ, ಇನ್ನೊಂದು ಬರೆಯುವುದಿಲ್ಲ. ಈ ಮಳೆ ಹಿಡಿಯುವ ಮೊದಲು ತಮ್ಮ ಕಡತದಲ್ಲಿ ಆ ಕಟ್ಟಡದ ಮುಂದೆ ‘ವಾಸದ ಮನೆ’ ಎಂದು ಬರೆದು ಮೊಹರು ಹೊಡೆಯಿರಿ. ತಮ್ಮ ಕಾಯಿದೆ ಅಡ್ಡ ಬಂದರೆ ಕಾಯಿದೆಗೆ ಒಂದು ಸಾಲು ಸೇರಿಸಿರಿ, ಮುಂದೆ ತಮ್ಮ ಮಕ್ಕಳಿಗೂ ಉಪಯೋಗಕ್ಕೆ ಬಂದೀತು. ಇಲ್ಲ, ಕೆಡವಿಯೇ ತೀರುತ್ತೇನೆ ಎಂದರೆ ಓವರ್‌ಸಿಯರರನ್ನು ಕಳಿಸಬೇಡಿ, ತಾವೇ ಬನ್ನಿ. ಸುಣ್ಣದ ಗೋಡೆಯ ಮೇಲಿನ ಆ ಕರಿ ಹೆಬ್ಬೆಟ್ಟಿನ ಎದುರಿಗೆ ನಿಂತು, ಒಳಗಿರುವ ಇಬ್ಬರನ್ನು ಕರೆದು, ಮೊದಲು ನೀವಿಬ್ಬರೂ ಮನುಷ್ಯರಲ್ಲ ಎಂದು ಹೇಳಿರಿ. ಆಮೇಲೆ ಹಾರೆಯನ್ನು ನಾನೇ ತಂದು ಕೊಡುತ್ತೇನೆ.

ಇಂತಿ,
ಸದ್ಯಕ್ಕೆ ಎರಡೂ ಮೊಣಕಾಲು ಗಟ್ಟಿಯಿರುವ, ಆ ಕಾರಣದಿಂದಲೇ ತಮ್ಮ ಕಚೇರಿಯ ಮೆಟ್ಟಿಲನ್ನು ಹನ್ನೊಂದು ಸಲ ಹತ್ತಿ ಇಳಿದ,
ಲಗಮಪ್ಪ, ನಾಟಾ ಡಿಪೋ ಮುಕಾದಮ