ಅಕ್ಕನ ಕಾದಂಬರಿಯನ್ನು ಓದುವ ಬಗೆ

ಮಾರ್ಚ್ ೧೪, ಗುರುವಾರ

ಪ್ರೀತಿಯ ಗುಬ್ಬಿ,

ನಾನು ಹುಷಾರಾಗಿದ್ದೇನೆ, ಮಂಡಿನೋವು ಮಾತ್ರ ಬಂದ ನೆಂಟರಂತೆ ಹೋಗುವ ಮಾತೇ ಎತ್ತುತ್ತಿಲ್ಲ. ನಿನ್ನ ಕಾಗದ ಬಂದು ಇಪ್ಪತ್ತೆರಡು ದಿನವಾಯಿತು. ಮೂರು ಸಲ ಉತ್ತರ ಬರೆದು ಹರಿದು ಹಾಕಿದೆ. ತಪ್ಪು ತಿಳಿಯಬೇಡ.

‘ಅಮ್ಮನ ಕಾದಂಬರೀನ ನಾಲ್ಕು ಸಲ ಶುರು ಮಾಡಿ ನಾಲ್ಕು ಸಲವೂ ಕೈಚೆಲ್ಲಿದೆ. ಪ್ರಕಾಶಕರು ಮರುಮುದ್ರಣಕ್ಕೆ ನನ್ನಿಂದಲೇ ಮುನ್ನುಡಿ ಬೇಕು ಅಂತಾರೆ. ಇದನ್ನ ಓದೋದು ಹೇಗೆ ಚಿಕ್ಕಮ್ಮ?’ ಎಂದು ಕೇಳಿದ್ದೀಯ. ಅಕ್ಕ ಇದ್ದಿದ್ದರೆ ನಗುತ್ತಿದ್ದಳು. ಅವಳು ಹೋಗಿ ಎರಡು ವರ್ಷವಾದ ಮೇಲೆ ಉತ್ತರ ಹೇಳುವ ಪಾಳಿ ನನ್ನದಾಗಿದೆ.

ನಾಚಿಕೆಪಡಬೇಡ. ಪ್ರೆಸ್ಸಿನ ಕೆಲಸದಲ್ಲಿದ್ದು, ಅಚ್ಚಿಗೆ ಮೊದಲು ಆ ಪುಸ್ತಕದ ಪ್ರೂಫ್ ತಿದ್ದಿದ ನನಗೇ ಮೊದಲು ತಲೆಬುಡ ತಿಳಿಯಲಿಲ್ಲ. ಅಧ್ಯಾಯಗಳು ಹನ್ನೊಂದರಿಂದ ಶುರುವಾಗಿ ಒಂದಕ್ಕೆ ಇಳಿಯುತ್ತವೆ. ಮಾತಾಡುತ್ತಿರುವವರು ಯಾರೆಂದು ಎಲ್ಲೂ ಹೇಳುವುದಿಲ್ಲ. ಅಚ್ಚುಮೊಳೆ ಜೋಡಿಸುವ ನಮ್ಮ ಕಂಪೋಸಿಟರ್ ಬಂದು, ‘ಮೇಡಂ, ಹಾಳೆ ಕಟ್ಟು ಉಲ್ಟಾ ಕಟ್ಟಿದ್ದಾರಾ ನೋಡಿ’ ಎಂದಿದ್ದರು.

ಆಗ ನೀನು ತೊಟ್ಟಿಲ ಕೂಸು. ಅಕ್ಕ ನಿನ್ನನ್ನು ಹೆಗಲಿಗೆ ಹಾಕಿಕೊಂಡು ಪ್ರೆಸ್ಸಿಗೆ ಬಂದಳು. ಕಾಗದದ ರೀಮುಗಳ ಮೇಲೆ ಕೂತು, ‘ಅರ್ಥ ಹುಡುಕ್ಬೇಡ ಕಣೇ, ಗಟ್ಟಿಯಾಗಿ ಓದು. ಯಾರ ದನಿ ಅಂತ ಕಿವಿಗೇ ಗೊತ್ತಾಗುತ್ತೆ’ ಎಂದಳು. ‘ಗೊತ್ತಾಗದೇ ಹೋದ್ರೆ?’ ಎಂದೆ. ‘ಪೆನ್ಸಿಲಲ್ಲಿ ಗೆರೆ ಎಳೆದು ಮುಂದೆ ಹೋಗು. ಹೊಸ ಮನೆಗೆ ಹೋದ ದಿನವೇ ಯಾವ ಸ್ವಿಚ್ಚಿಗೆ ಯಾವ ದೀಪ ಅಂತ ಗೊತ್ತಿರುತ್ತಾ?’

ನೀನೂ ಹಾಗೇ ಮಾಡು. ದಿನಕ್ಕೆ ಹತ್ತು ಪುಟ ಸಾಕು. ಉಸಿರು ಬಿಡದೆ ಉದ್ದುದ್ದ ಮಾತಾಡುವವರು ಹಾಸಿಗೆ ಹಿಡಿದ ತಾಯಿ. ಚುಟುಕಾಗಿ ಮಾತಾಡುವವಳು ದೊಡ್ಡ ಮಗಳು. ಏನು ಕೇಳಿದರೂ ಪ್ರಶ್ನೆಯಲ್ಲೇ ಉತ್ತರ ಕೊಡುವವಳು ಚಿಕ್ಕವಳು. ಇಷ್ಟು ತಿಳಿದರೆ ಆ ಮನೆಯೊಳಗೆ ಓಡಾಡಬಹುದು. ನಾನು ಹಾಗೆ ಓದುತ್ತ ಐದನೇ ಅಧ್ಯಾಯಕ್ಕೆ ಬರುವ ಹೊತ್ತಿಗೆ ಗುರುತು ಸಿಕ್ಕಿತು. ಆ ಮನೆ ನಮ್ಮದೇ ಆಗಿತ್ತು.

ಈಗ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ನಿನ್ನ ಕೈಯಲ್ಲಿರುವ ಪುಸ್ತಕದ ನಾಲ್ಕನೇ ಅಧ್ಯಾಯ ಅಕ್ಕ ಬರೆದಂತೆ ಇಲ್ಲ. ಅದರಲ್ಲಿ ತಾಯಿ ಹಾಸಿಗೆಯಿಂದ ‘ಯಾರಾದ್ರೂ ಇದ್ದೀರಾ?’ ಎಂದು ಒಂದು ಸಲ ಕರೆಯುತ್ತಾರೆ. ಅಕ್ಕ ಬರೆದಿದ್ದು ಹತ್ತೊಂಬತ್ತು ಸಲ. ನಡುನಡುವೆ ಜಾಗ ಬಿಟ್ಟು, ಎರಡು ಪುಟದ ತುಂಬ ಅದೊಂದೇ ಸಾಲು.

ನೀನು ಹುಟ್ಟುವ ಮೊದಲು, ನಮ್ಮ ಅಮ್ಮ, ಅಂದರೆ ನಿನ್ನ ಅಜ್ಜಿ, ಒಂದು ಕಡೆ ಲಕ್ವ ಹೊಡೆದು ಮಲಗಿದ್ದ ವರ್ಷದ ಮಾತು ಇದು. ಅಕ್ಕ ಕೆಲಸಕ್ಕೆ ಹೋಗಿದ್ದ ಒಂದು ಮಧ್ಯಾಹ್ನ ನಾನು ಪಕ್ಕದ ಕೋಣೆಯಲ್ಲಿ ರೇಡಿಯೊ ಕೇಳುತ್ತ ಕೂತಿದ್ದೆ. ಬೆಳಗಿನಿಂದ ಅವರು ಕರೆದಾಗಲೆಲ್ಲ ಎದ್ದು ಹೋಗಿ ಸಾಕಾಗಿತ್ತು. ಆ ಸಲ ಏಳಲಿಲ್ಲ. ಕರೆಯುತ್ತಲೇ ಇದ್ದರು. ನಾನು ರೇಡಿಯೊದ ದನಿ ಏರಿಸಿದೆ. ಅಜ್ಜಿ ತಾವೇ ಏಳಲು ಹೋಗಿ ಬಿದ್ದು ಸೊಂಟ ಮುರಿದುಕೊಂಡರು. ಆಮೇಲೆ ಎರಡು ತಿಂಗಳೂ ಬದುಕಲಿಲ್ಲ. ‘ಒಂದು ಸಲ ಕರೆದ ಹಾಗಾಯ್ತು ಅಕ್ಕ, ಸರಿಯಾಗಿ ಕೇಳಿಸ್ಲಿಲ್ಲ’ ಎಂದಿದ್ದೆ. ಅಜ್ಜಿ ಅವಳಿಗೆ ಏನು ಹೇಳಿದ್ದರೋ ಗೊತ್ತಿಲ್ಲ. ಅಕ್ಕ ಮತ್ತೆ ಆ ವಿಷಯ ಎತ್ತಲೇ ಇಲ್ಲ.

ಪ್ರೂಫಿನಲ್ಲಿ ಆ ಎರಡು ಪುಟದ ಸಾಲುಗಳನ್ನು ಎಣಿಸಿದೆ. ಒಂದು ಸಲ ಕರೆದರೆ ಕೇಳಿಸದೇ ಇರಬಹುದು. ಹತ್ತೊಂಬತ್ತು ಸಲ ಕರೆದರೆ? ಕೆಂಪು ಪೆನ್ನಿನಿಂದ ಹದಿನೆಂಟು ಸಾಲು ಹೊಡೆದು ಹಾಕಿದೆ. ‘ಎರಡು ಪುಟ ಖಾಲಿ ಬೀಳುತ್ತಲ್ಲ ಮೇಡಂ?’ ಎಂದರು ಕಂಪೋಸಿಟರ್. ‘ಮುಂದಿನದನ್ನ ಮೇಲಕ್ಕೆ ಎಳ್ಕೊಳ್ಳಿ’ ಎಂದೆ.

ಹಸ್ತಪ್ರತಿ ಇಷ್ಟು ವರ್ಷ ನನ್ನ ಕಪಾಟಿನಲ್ಲೇ ಇತ್ತು. ನಿನ್ನೆ ರಿಜಿಸ್ಟರ್ಡ್ ಅಂಚೆಯಲ್ಲಿ ನಿನಗೆ ಕಳಿಸಿದ್ದೇನೆ. ಹಳೇ ಪುಸ್ತಕ ನೋಡಿ ಅಚ್ಚು ಹಾಕಬೇಡಿ ಎಂದು ಪ್ರಕಾಶಕರಿಗೆ ಇವತ್ತೇ ಹೇಳು. ಕಾರಣ ಕೇಳಿದರೆ ನನ್ನ ಹೆಸರು ಹೇಳು. ಅಂಚೆ ಕಚೇರಿಯಿಂದ ಬಂದಾಗಿನಿಂದ ಊಟ ಸೇರುತ್ತಿಲ್ಲ. ಭಾನುವಾರ ನೀನು ಫೋನ್ ಮಾಡುತ್ತೀಯೋ ಇಲ್ಲವೋ ಎಂದು ಈಗಲೇ ಲೆಕ್ಕ ಹಾಕುತ್ತಿದ್ದೇನೆ. ಮಾಡದಿದ್ದರೂ ನೀನು ಚೆನ್ನಾಗಿರು. ನಿನ್ನ ಬರಹಕ್ಕೆ ನಿನ್ನ ಅಮ್ಮನ ಕೈಗುಣ ಬರಲಿ.

ಇಂತು,
ನಿನ್ನ ಚಿಕ್ಕಮ್ಮ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಪುಸ್ತಕ ಬಂದ ದಿನ ಅಕ್ಕ ಆ ಪುಟ ತೆರೆದು ನನ್ನ ಮೇಜಿನ ಮೇಲಿಟ್ಟಳು. ‘ಅರ್ಥ ಆಗ್ದೆ ಹೊಡೆದ್ಯಾ, ಅರ್ಥ ಆಗಿ ಹೊಡೆದ್ಯಾ?’ ಎಂದಳು. ‘ಅರ್ಥ ಆಗ್ಲಿಲ್ಲ ಅಕ್ಕ, ಅಚ್ಚಿನ ತಪ್ಪು ಅಂದ್ಕೊಂಡೆ’ ಎಂದೆ. ನಂಬಿದಳು. ‘ಒಡಹುಟ್ಟಿದವಳಿಗೇ ಮುಟ್ಟಲಿಲ್ಲ ಅಂದ್ರೆ ನಂಗೆ ಬರೆಯೋಕೆ ಬರಲ್ಲ ಅಂತಾಯ್ತು’ ಎಂದು ಹೊರಟುಹೋದಳು. ಮುಂದಿನ ಕಾದಂಬರಿಗೆಂದು ಬರೆದಿಟ್ಟಿದ್ದ ತೊಂಬತ್ತು ಹಾಳೆಗಳನ್ನು ಆ ವಾರವೇ ಸುಟ್ಟಳಂತೆ. ಅಮ್ಮ ಯಾಕೆ ಮತ್ತೆ ಬರೆಯಲಿಲ್ಲ ಎಂದು ಚಿಕ್ಕಂದಿನಲ್ಲಿ ನೀನು ಕೇಳಿದಾಗಲೆಲ್ಲ, ‘ನಿನ್ನ ಸಾಕೋದ್ರಲ್ಲಿ ಪುರಸೊತ್ತು ಎಲ್ಲಿತ್ತು ಅವಳಿಗೆ?’ ಎನ್ನುತ್ತಿದ್ದೆ. ನಿನ್ನಿಂದ ಅಲ್ಲ ಕಣೇ.