ಅಶ್ವಗಂಧದ ಹಿಂಡಿ

ಮಂಗಳವಾರ, ನವೆಂಬರ್ ೧೮

ಕಿವಿಯೊಳಗಿನ ಗುಂಯ್ ಸದ್ದು ಇವತ್ತೂ ಹೋಗಲಿಲ್ಲ. ಹಿಟ್ಟಿನ ಗಿರಣಿ ಬಂದ್ ಮಾಡಿ ಮನೆಗೆ ಬಂದರೂ ತಲೆಯೊಳಗೆ ಇನ್ನೊಂದು ಗಿರಣಿ ತಿರುಗುತ್ತಲೇ ಇರುತ್ತದೆ. ಪೂರ್ತಿ ಕಿವುಡಿಯಾಗಿಬಿಟ್ಟರೆ ಎಂಬ ಹೆದರಿಕೆಗೆ ನಿದ್ದೆಯೇ ಬರುತ್ತಿರಲಿಲ್ಲ. "ಸದ್ದು ಹೋಗತೈತಿ ಅಂತ ಖಾತ್ರಿ ಇಲ್ರಿ, ಮನಸ್ಸಿಗೆ ಸಮಾಧಾನ ಆದ್ರ ಆಗಬಹುದು" ಎಂದು ಡಾಕ್ಟರು ಒಪ್ಪಿದ ಮೇಲೆ ಅಶ್ವಗಂಧದ ಪುಡಿ ತಂದಿದ್ದೆ. ಹಾಲಿಗೆ ಹಾಕಿಕೊಂಡು ಕುಡಿಯುವುದು. ನಾನೋ, ಡಬ್ಬಿಗೆ ಸುರಿದು ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಅಂತ ರೊಟ್ಟಿಗೆ ಹಚ್ಚಿಕೊಳ್ಳುವ ಚಟ್ನಿಪುಡಿಗಳ ಸಾಲಿನಲ್ಲೇ ಇಟ್ಟುಬಿಟ್ಟಿದ್ದೆ.

ಊಟಕ್ಕೆ ಕುಳಿತಾಗ ಇವರು ರೊಟ್ಟಿ ಮುರಿದು ಬಾಯಿಗಿಟ್ಟು ಮುಖ ಕಿವುಚಿದರು. "ಅವ್ವಾ, ಇದ್ಯಾವ ಹಿಂಡಿ?"

"ನಿನ್ನ ಹೆಂಡ್ತಿ ಮಾಡಿಟ್ಟಿದ್ಲಪಾ," ಅಂದರು ಅತ್ತೆ. "ಉಪ್ಪಿಲ್ಲ, ಖಾರ ಇಲ್ಲ, ಬರೇ ಕಹಿ. ಪಾಪ, ಗಿರಣ್ಯಾಗ ದಣಿದು ಮರತಾಳ ಅಂತ ನಾನ ಬಳ್ಳೊಳ್ಳಿ, ಖಾರಪುಡಿ ಹಾಕಿ ಕುಟ್ಟಿ ಸುಧಾರಿಸೇನಿ."

ನಾನು ಬಿದ್ದು ಬಿದ್ದು ನಕ್ಕೆ. ಅತ್ತೆಗೆ ಮೊದಲು ಸಿಟ್ಟು ಬಂತು. ಅದು ನನ್ನ ಔಷಧ ಎಂದು ತಿಳಿದದ್ದೇ ತಡ, ಕಣ್ಣಲ್ಲಿ ನೀರು ಬರುವಷ್ಟು ಅವರೇ ನಕ್ಕರು. "ಅಯ್ಯ, ನಾಳೆ ಒಗ್ಗರಣಿನೂ ಕೊಡಾಕಿ ಇದ್ದೆ, ಉಳೀತು ತಗೋ!"

ಈಗ ಪಕ್ಕದ ಕೋಣೆಯಿಂದ ಅತ್ತೆಯ ಗೊರಕೆ ಕೇಳುತ್ತಿದೆ. ನನ್ನ ಔಷಧ ಅವರಿಗೆ ಹತ್ತಿದ ಹಾಗಿದೆ. ಗುಂಯ್ ಸದ್ದು ಆ ಗೊರಕೆಯ ಹಿಂದೆ ಎಲ್ಲೋ ಇರಬೇಕು, ಕಿವಿಗೊಟ್ಟು ಹುಡುಕಿದರೆ ಸಿಗುತ್ತದೆ.

ಇವತ್ತು ಯಾರು ಹುಡುಕುತ್ತಾರೆ!